ಮತ್ತಿ ಮರ ಮೂಡಲಿಗೇಕೆ ಬಿತ್ತು?

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಮೇ ಮೊದಲ ವಾರ, ಭರಣಿ ಮಳೆಯ ದಿನಗಳು. ಬೆಳಿಗ್ಗೆಯಿಂದ ಸೆಕೆ ಅಂದ್ರೆ ಸೆಕೆ. ಆಯಿ ಎರಡು ಸಲ ಬಂದು ಹಪ್ಪಳ ಮಗುಚಿದಳು. ಎರಡು ಸಲವೂ ಮೂಡು ದಿಕ್ಕಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ನಮ್ಮ ಮನೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಹೋಗಿ, ದೇವಿಮನೆ ಘಟ್ಟ ಸಿಗುವ ಮೊದಲೇ ಒಳದಾರಿಗೆ ಇಳಿದರೆ ಸಿಗುತ್ತದೆ. ಎರಡು ಬೆಟ್ಟದ ನಡುವೆ ಹಳ್ಳ, ಹಳ್ಳದ ಎರಡೂ ಬದಿ ಅಡಿಕೆ ತೋಟ. ಹಳ್ಳ ಮೂಡಲಿಂದ ಪಡುವಲಿಗೆ ಹರಿಯುತ್ತದೆ. ತೋಟ ಒಂದು ಎಕರೆ ಹತ್ತು ಗುಂಟೆ, ಎರಡು ಸರ್ವೆ ನಂಬರಿನಲ್ಲಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬೇಸಿಗೆ ರಜೆ ಅಂತ ಊರಿಗೆ ಬಂದಿದ್ದೆ.

ನಮ್ಮ ಕಡೆ ಮುಂಗಾರು ಬರುವುದು ಪಡುವಲಿಂದ, ಸಮುದ್ರದ ಮೇಲಿಂದ. ಅದಕ್ಕಿಂತ ಮೊದಲಿನ ಗುಡುಗು ಮಳೆ ಬರುವುದು ಮೂಡಲಿಂದ, ಮುಂಡಗೋಡ, ಹಾನಗಲ್ ಕಡೆಯ ಬಯಲಿಂದ. ಅಲ್ಲಿನ ನೆಲ ಇಡೀ ದಿನ ಕಾಯುತ್ತದೆ. ಸಮುದ್ರದ ತೇವ ಘಟ್ಟ ಹತ್ತಿ ಒಳಗೆ ಬಂದಿರುತ್ತದೆ. ಬಿಸಿ ಗಾಳಿ ಆ ತೇವವನ್ನು ಎತ್ತಿಕೊಂಡು ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೂಕೋಸಿನ ಹಾಗೆ ಬಿಳಿ ಮೋಡ ಏಳುತ್ತದೆ. ಅಂಥ ಮೋಡದ ತಲೆ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೆ ಹೋಗುವುದೂ ಉಂಟು. ಸಂಜೆಗೆ ಅದು ನಮ್ಮ ಕಡೆ ಸರಿಯುತ್ತದೆ. ಚಿಕ್ಕಂದಿನಿಂದ ನೋಡಿದ್ದು ಇದನ್ನೇ. ಹಾಗಾಗಿ ಆ ದಿನ ನಾಲ್ಕು ಗಂಟೆಗೆ ಮೂಡಲು ಕಪ್ಪಾದಾಗ ನನಗೆ ಹೆದರಿಕೆಯೇನೂ ಆಗಲಿಲ್ಲ. ಹಪ್ಪಳದ ಚಾಪೆ ಸುತ್ತಿ ಜಗಲಿಗೆ ತಂದಿಟ್ಟೆ, ಅಷ್ಟೇ.

ನಾನು ಗಮನಿಸಬೇಕಿದ್ದದ್ದು ಬೇರೆಯೇ ಇತ್ತು. ಮೋಡದ ಕೆಳಗೆ ಬೂದು ಬಣ್ಣದ ಒಂದು ಉದ್ದ ಸುರುಳಿ ಇತ್ತು. ಕಂಬಳಿ ಸುತ್ತಿ ಅಡ್ಡ ಇಟ್ಟ ಹಾಗೆ. ಅದು ಬೆಟ್ಟದ ನೆತ್ತಿಗೆ ತಾಗಿಕೊಂಡೇ ಬರುತ್ತಿತ್ತು. ಗಾಳಿ ಪೂರ್ತಿ ನಿಂತಿತ್ತು. ಬೆಳಿಗ್ಗೆಯಿಂದ ಕೂಗುತ್ತಿದ್ದ ಜೀರುಂಡೆಗಳೂ ಸುಮ್ಮನಾಗಿದ್ದವು. ಬೆಂಗಳೂರಿಂದ ತಮ್ಮ ಫೋನ್ ಮಾಡಿದ್ದ. ಮಾತಾಡುತ್ತಿದ್ದಾಗಲೇ ತಣ್ಣಗಿನ ಗಾಳಿಯೊಂದು ಮುಖಕ್ಕೆ ಬಡಿಯಿತು. ಫ್ರಿಜ್ ಬಾಗಿಲು ತೆಗೆದರೆ ಬರುತ್ತದಲ್ಲ, ಅಂಥ ತಂಪು. ಕರೆಂಟ್ ಹೋಯಿತು, ಫೋನ್ ಕಟ್ಟಾಯಿತು. ಆಗ 4 ಗಂಟೆ 22 ನಿಮಿಷ. ಫೋನಿನಲ್ಲಿ ಆ ಕರೆಯ ಹೊತ್ತು ಇನ್ನೂ ಹಾಗೇ ಇದೆ.

ಕೊಟ್ಟಿಗೆ ಕಡೆ ಓಡಲು ಹೊರಟವಳನ್ನು ಅಪ್ಪ ಕೈ ಹಿಡಿದು ಎಳೆದ. "ಹೊರಗೆ ಹೋಗಡ, ಕೂಸೆ!"

ಅಲ್ಲಿಂದ ಮುಂದಿನದು ಸದ್ದಾಗಿಯೇ ನೆನಪಿದೆ. ಮೊದಲು ಲೋಡ್ ಲಾರಿ ಘಟ್ಟ ಹತ್ತುವಾಗಿನ ಹಾಗೆ ಒಂದೇ ಸಮ ಮೊರೆತ. ಆಮೇಲೆ ಮಾಡಿನ ಮೇಲೆ ಆಲಿಕಲ್ಲು. ಅದರ ನಡುವೆ ತೋಟದ ಕಡೆಯಿಂದ ಟಪ್, ಟಪ್, ಟಪ್. ದೀಪಾವಳಿಯಲ್ಲಿ ಮಾಲೆ ಪಟಾಕಿ ಹಚ್ಚಿದ ಹಾಗೆ. ನನಗೆ ಅದೇನೆಂದು ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು. ಅವನು ದೇವರ ಕೋಣೆಯ ಹೊಸ್ತಿಲ ಮೇಲೆ ಕೂತು ಒಂದೊಂದು ಸದ್ದಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಮರ ಮುರಿಯುವ ಸದ್ದು ಅದು.

ಇಡೀ ಗಾಳಿ ನಾಲ್ಕೈದು ನಿಮಿಷ ಇದ್ದಿರಬಹುದು. 4 ಗಂಟೆ 31ಕ್ಕೆ ನಾನು ಅಂಗಳದಲ್ಲಿ ನಿಂತು ಮೊದಲ ಫೋಟೊ ತೆಗೆದಿದ್ದೇನೆ. ಅದರಲ್ಲಿ ಮಳೆ ಇದೆ, ಗಾಳಿ ಇಲ್ಲ. ಬಾಳೆ ಎಲೆ ನೆಟ್ಟಗೆ ತೂಗಿ ನಿಂತಿದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತಲ್ಲ, ಆಗ ಇಡೀ ರಾತ್ರಿ ಗಾಳಿ ಬೀಸಿತ್ತು. ಆ ರಾತ್ರಿ ನಮ್ಮ ತೋಟದಲ್ಲಿ ಬಿದ್ದದ್ದು ಏಳು ಮರ. ಈ ಹೆಸರಿಲ್ಲದ ನಾಲ್ಕು ನಿಮಿಷದಲ್ಲಿ ಬಿದ್ದದ್ದು 158.

ಆ ಲೆಕ್ಕ ಸಿಕ್ಕಿದ್ದು ಮರುದಿನ. ಅವತ್ತು ಸಂಜೆ ತೋಟಕ್ಕೆ ಇಳಿದಾಗ ಕಂಡದ್ದು ಆಕಾಶ ಮಾತ್ರ. ನಮ್ಮ ತೋಟದೊಳಗೆ ನಿಂತರೆ ಆಕಾಶ ಕಾಣುವುದಿಲ್ಲ, ಚೂರು ಚೂರು ಬೆಳಕು ಕಾಣುತ್ತದೆ ಅಷ್ಟೇ. ಈಗ ಕೆಳಗಿನ ತುಂಡಿನ ಮೇಲೆ ದೊಡ್ಡದಾಗಿ ಬಾಯಿ ತೆರೆದುಕೊಂಡಿತ್ತು. ಐವತ್ತು ಅಡಿ ಎತ್ತರದ ಮರಗಳು ಒಂದರ ಮೇಲೊಂದು ಮಲಗಿದ್ದವು. ಕಾಳುಮೆಣಸಿನ ಬಳ್ಳಿ ಮರದ ಜೊತೆಗೇ ನೆಲಕ್ಕೆ ಬಂದಿತ್ತು. ಸಿಂಗಾರ ಒಡೆದು ಅಕ್ಕಿಯ ಹಾಗೆ ಚೆಲ್ಲಿತ್ತು. ಎಲ್ಲಾ ಕಡೆ ಹಸಿ ಅಡಿಕೆ ಹಾಳೆಯ ವಾಸನೆ.

ಅಪ್ಪ ಒಂದು ಮರದ ಬುಡಕ್ಕೆ ಹೋಗಿ ಮುರಿದ ಜಾಗ ಮುಟ್ಟಿ ನೋಡಿದ. ನಾನೂ ಬಗ್ಗಿದೆ. ಅಡಿಕೆ ಮರ ಹಲಗೆ ಮುರಿದ ಹಾಗೆ ಮುರಿಯುವುದಿಲ್ಲ. ಹೊರಗಿನ ಗಟ್ಟಿ ಭಾಗ ಉದ್ದುದ್ದ ಸೀಳಾಗಿ ಪೊರಕೆಯ ಹಾಗೆ ನಿಲ್ಲುತ್ತದೆ. ಒಳಗಿನ ಮೆದು ತಿರುಳು ಒದ್ದೆ ಹತ್ತಿಯ ಹಾಗೆ ಹೊರಬರುತ್ತದೆ. ಆ ಮರ ಎದೆಯೆತ್ತರದಲ್ಲಿ ಮುರಿದಿತ್ತು. ಮುರಿದ ಜಾಗದಲ್ಲೇ, ಪಡುವಲು ತೆಂಕಲು ಮೂಲೆಗೆ, ಕಂದು ಬಣ್ಣದ ಹಳೆ ಗಾಯ ಇತ್ತು. ತೋಟದ ಅಂಚಿನ ಮರಗಳಿಗೆ ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬಡಿಯುತ್ತದೆ. ಕಾಂಡ ಸುಟ್ಟು, ವರ್ಷ ಕಳೆದಂತೆ ಅಲ್ಲಿ ಬಿರುಕು ಬಿಡುತ್ತದೆ. ಬಿಸಿಲು ತಾಗದ ಹಾಗೆ ಅಲ್ಲಿಗೆ ಸೋಗೆ, ಅಂದರೆ ಅಡಿಕೆಯ ಗರಿ, ಕಟ್ಟಬೇಕು. "ಇದಕ್ಕೆ ಸೋಗೆ ಕಟ್ಟಕಾಗಿತ್ತು. ಎರಡು ವರ್ಷದಿಂದ ಹೇಳ್ತಾ ಇದ್ದಿ, ಕಟ್ಟಿದ್ನಿಲ್ಲೆ" ಅಂದ. ಇಷ್ಟು ಮರ ಬಿದ್ದಿರುವಾಗ ಆ ಒಂದು ಮರದ ಸೋಗೆಯ ವಿಷಯ ಅವನಿಗೆ ಯಾಕೆ ನೆನಪಾಯಿತೋ. ನನಗೆ ಅಳು ಬಂದದ್ದು ಆಗಲೇ.

ಮೇಲಿನ ಕೆರೆ ದಂಡೆ ದಾಟಿ ಬೆಟ್ಟದ ಕಡೆ ಹೋದಾಗ ಇನ್ನೊಂದು ಕಂಡಿತು. ದೊಡ್ಡ ಮತ್ತಿ ಮರ ಬುಡಸಮೇತ ಎದ್ದು ಮಲಗಿತ್ತು. ಬೇರಿನ ಜೊತೆ ಎದ್ದ ಮಣ್ಣು ನನಗಿಂತ ಎತ್ತರ ಇತ್ತು. ಅಪ್ಪ ಅದರ ತಲೆಯ ಕಡೆ ನೋಡಿದ, ಬುಡ ನೋಡಿದ, ಮತ್ತೆ ತಲೆ ನೋಡಿದ.

"ಗಾಳಿ ಬಂದದ್ದು ಮೂಡಲಿಂದ. ಇದು ಬಿದ್ದದ್ದೂ ಮೂಡಲಿಗೆ. ಹೆಂಗೆ?"

ಹೌದಲ್ವಾ? ಮೂಡಲಿಂದ ಬೀಸಿದ ಗಾಳಿಗೆ ಮರ ಪಡುವಲಿಗೆ ಬೀಳಬೇಕು. ತೋಟದ ಮರಗಳು ಹೆಚ್ಚಿನವು ಹಾಗೇ ಬಿದ್ದಿದ್ದವು. ಇದೊಂದು ಎದುರು ಮುಖ.

"ಸುಂಟರಗಾಳಿನೇ ಸೈ. ತಿರುಗಿಸಿ ಬಿಸಾಕಿದ್ದು. ಇಂಥ ಗಾಳಿ ನಾ ನೋಡಿದ್ನಿಲ್ಲೆ" ಅಂದ ಅಪ್ಪ. ಆ ಸಂಜೆ ನಮ್ಮ ಊರಲ್ಲಿ ಎಲ್ಲರೂ ಅದನ್ನೇ ಹೇಳಿದರು. ನಾನೂ ನಂಬಿದೆ.

ರಾತ್ರಿ ನಿದ್ದೆ ಬರಲಿಲ್ಲ. ಕರೆಂಟ್ ಇರಲಿಲ್ಲ. ಪವರ್ ಬ್ಯಾಂಕಿಗೆ ಫೋನ್ ಹಾಕಿ, ಟವರ್ ಸಿಗುವ ಮೂಲೆಯಲ್ಲಿ ಕೂತು ಸುಂಟರಗಾಳಿಯ ಬಗ್ಗೆ ಓದುತ್ತಾ ಹೋದೆ. ಓದಿದಷ್ಟೂ ನಮ್ಮ ಕಷ್ಟ ಎಷ್ಟು ಚಿಕ್ಕದು ಅನ್ನಿಸಿತು. ಅಮೆರಿಕದ ನಡುಭಾಗದಲ್ಲಿ ಗುಡುಗು ಮೋಡಗಳ ಸಾಲು ಎದ್ದರೆ ಒಂದೇ ದಿನದಲ್ಲಿ ಹತ್ತಾರು ಸುಂಟರಗಾಳಿ ಹುಟ್ಟುವುದುಂಟು. 1974ರ ಏಪ್ರಿಲ್ 3 ಮತ್ತು 4ರಂದು, ಸುಮಾರು 24 ಗಂಟೆಯೊಳಗೆ, 13 ರಾಜ್ಯಗಳಲ್ಲಿ 148 ಸುಂಟರಗಾಳಿ ಎದ್ದವು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಓಹಾಯೋ ರಾಜ್ಯದ ಜೀನಿಯಾ ಅನ್ನುವ ಊರಿನ ದೊಡ್ಡ ಭಾಗವೇ ಅಳಿಸಿ ಹೋಯಿತು. 2011ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಹಾಗೇ ಆಯಿತು. ಆಗ ಅಲಬಾಮಾ ರಾಜ್ಯ ಜಾಸ್ತಿ ನೋವು ಉಂಡಿತು. ಸತ್ತವರು ಆಗಲೂ ಮುನ್ನೂರು ದಾಟಿದರು.

ನಮ್ಮ ಹತ್ತಿರದ್ದೂ ಇದೆ. ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಕಡೆ 1989ರ ಏಪ್ರಿಲ್ 26ರಂದು ಬಂದ ಒಂದೇ ಸುಂಟರಗಾಳಿಗೆ ಸುಮಾರು 1,300 ಜನ ಸತ್ತರು. ಜಗತ್ತಿನಲ್ಲಿ ದಾಖಲಾದ ಸುಂಟರಗಾಳಿಗಳಲ್ಲಿ ಅಷ್ಟು ಜೀವ ತೆಗೆದದ್ದು ಬೇರೆ ಇಲ್ಲ ಎನ್ನುತ್ತಾರೆ. 1998ರ ಮಾರ್ಚ್ 24ರಂದು ಬಂಗಾಳ ಮತ್ತು ಒಡಿಶಾ ಗಡಿಯ ಹಳ್ಳಿಗಳಲ್ಲೂ ನೂರಕ್ಕೂ ಹೆಚ್ಚು ಜನ ಹೋದರು. ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿ, ನಮ್ಮದೇ ದೇಶದ ಈ ವಿಷಯ ನನಗೆ ಗೊತ್ತಿರಲಿಲ್ಲ.

ಓದುತ್ತಾ ಓದುತ್ತಾ ಫುಜಿಟಾ ಸಿಕ್ಕಿದರು.

ಟೆಟ್ಸುಯಾ ಫುಜಿಟಾ ಜಪಾನಿನವರು. 1945ರಲ್ಲಿ ಕ್ಯೂಶೂ ದ್ವೀಪದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಎಳೆ ವಯಸ್ಸಿನ ಮಾಸ್ತರು. ಅಣುಬಾಂಬ್ ಬಿದ್ದ ಮೇಲೆ ಹಿರೋಶಿಮಾ, ನಾಗಸಾಕಿ ಎರಡೂ ಊರಿಗೆ ಹೋಗಿ ಹಾನಿ ನೋಡಿದರು. ಸ್ಫೋಟದ ಅಡಿಯ ಜಾಗದಿಂದ ಸುತ್ತಲೂ ಮರಗಳು ಹೊರಮುಖವಾಗಿ ಬಿದ್ದದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಸುಂಟರಗಾಳಿಯ ಬಲ ಅಳೆಯುವ ಎಫ್ ಮಾಪಕ ಅವರು 1971ರಲ್ಲಿ ಮಾಡಿದ್ದು. 1974ರ ಆ ದೊಡ್ಡ ಅನಾಹುತ ಆದ ಮೇಲೆ ಸಣ್ಣ ವಿಮಾನದಲ್ಲಿ ಕೂತು ಹಾನಿಯಾದ ಜಾಗಗಳ ಮೇಲೆ ಹಾರಿದರು. ಸುಂಟರಗಾಳಿ ಹಾದಲ್ಲಿ ಮರಗಳು ಸುತ್ತಿ ಸುತ್ತಿ ಒಳಮುಖವಾಗಿ, ಒಂದಕ್ಕೊಂದು ಅಡ್ಡಡ್ಡ ಬಿದ್ದಿರುತ್ತವೆ. ಪಶ್ಚಿಮ ವರ್ಜೀನಿಯಾದ ಬೆಕ್ಲಿ ಹತ್ತಿರದ ಒಂದು ಕಾಡಿನಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಮರಗಳು ನಡುವಿನಿಂದ ಸುತ್ತಲೂ ಹೊರಕ್ಕೆ ಬಿದ್ದಿದ್ದವು. ಹಿರೋಶಿಮಾದಲ್ಲಿ ನೋಡಿದ ಹಾಗೆ.

ಗಾಳಿ ತಿರುಗಿದ್ದಲ್ಲ, ಮೇಲಿಂದ ಸುರಿದದ್ದು ಅಂತ ಅವರು ಹೇಳಿದರು. ಅದಕ್ಕೆ ಡೌನ್‌ಬರ್ಸ್ಟ್ ಅಂತ ಹೆಸರಿಟ್ಟರು. ಮೋಡದೊಳಗಿನ ಮಳೆ ಹನಿ ಬೀಳುತ್ತಾ ಆವಿಯಾಗುತ್ತದೆ, ಆಲಿಕಲ್ಲು ಕರಗುತ್ತದೆ. ಎರಡೂ ಸುತ್ತಲಿನ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಒಮ್ಮೆಲೇ ಕೆಳಗೆ ಬೀಳುತ್ತದೆ. ಕೊಡಪಾನದ ನೀರನ್ನು ಅಂಗಳಕ್ಕೆ ಒಮ್ಮೆಲೇ ಮಗುಚಿದರೆ ನೀರು ಹೇಗೆ ನಾಲ್ಕೂ ಕಡೆ ಹಾರುತ್ತದೋ, ಆ ಗಾಳಿಯೂ ನೆಲಕ್ಕೆ ಬಡಿದು ಹಾಗೇ ಹಾರುತ್ತದೆ. ಸಣ್ಣದಾದರೆ ಅದರ ಹರವು ನಾಲ್ಕು ಕಿಲೋಮೀಟರ್ ಒಳಗೆ, ಜೋರಿರುವುದು ಕೆಲವೇ ನಿಮಿಷ. ಮೊದಮೊದಲು ಎಷ್ಟೋ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಗುಡುಗು ಮಳೆಯ ನಡುವೆ ಇಳಿಯುತ್ತಿದ್ದ ವಿಮಾನವೊಂದು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಇದೇ ಗಾಳಿ ಅದನ್ನು ಕೆಡವಿತು ಎಂದು ಫುಜಿಟಾ ತೋರಿಸಿಕೊಟ್ಟರು. ಇವತ್ತು ವಿಮಾನ ನಿಲ್ದಾಣಗಳಲ್ಲಿ ಈ ಗಾಳಿಯನ್ನು ಹಿಡಿಯುವ ರೇಡಾರ್ ಇರುವುದು ಆ ಕೆಲಸದಿಂದ.

ನಾಲ್ಕೈದು ನಿಮಿಷ. ತಣ್ಣಗಿನ ಗಾಳಿ. ಆಲಿಕಲ್ಲು. ಎದುರು ಮುಖ ಬಿದ್ದ ಮತ್ತಿ ಮರ. ಬೆಳಗಾಗುವುದನ್ನೇ ಕಾದೆ.

ಮರ ಎಣಿಸುವ ಕೆಲಸ ಹೇಗೂ ಇತ್ತು. ಪರಿಹಾರಕ್ಕೆ ಅರ್ಜಿ ಕೊಡಬೇಕಲ್ಲ. ಕೊನೆಗೌಡರನ್ನು ಕರೆಸಿದ್ದೆವು. ನಮ್ಮ ತೋಟದ ಕೊನೆ ಕೊಯ್ಯುವವರು ಇಪ್ಪತ್ತು ವರ್ಷದಿಂದ ಅವರೇ. ಒಂದೊಂದು ಮರವೂ ಅವರಿಗೆ ಗೊತ್ತು. ಅವರು ಸುಣ್ಣದಲ್ಲಿ ಬುಡಕ್ಕೆ ನಂಬರ್ ಹಾಕುತ್ತಾ ಹೋದರು. ನಾನು ಫೋನಿನ ದಿಕ್ಸೂಚಿ ಹಿಡಿದು, ಬುಡದ ಹತ್ತಿರ ನಿಂತು, ಮರದ ತಲೆ ಯಾವ ಕಡೆ ಇದೆ ನೋಡಿ ಬರೆದೆ. ಮುರಿದದ್ದೋ, ಬುಡ ಎದ್ದದ್ದೋ ಅಂತಲೂ ಬರೆದೆ. ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ತೋಟದ ನಕ್ಷೆ ಹಾಕಿ ಒಂದೊಂದು ಮರಕ್ಕೂ ಬಾಣದ ಗುರುತು ಇಟ್ಟೆ.

ಏನೂ ಅರ್ಥ ಆಗಲಿಲ್ಲ. ಬಾಣಗಳು ಎಲ್ಲೆಲ್ಲೋ ತಿರುಗಿದ್ದವು. ಒಂದು ಪಡುವಲಿಗೆ, ಅದರ ಪಕ್ಕದ್ದು ತೆಂಕಲಿಗೆ, ಅದರ ಮೇಲಿನದು ಬಡಗಲಿಗೆ. ನೋಡಿದರೆ ಸುಂಟರಗಾಳಿಯೇ ಅನ್ನಬೇಕು.

ತಪ್ಪು ಹೇಳಿಕೊಟ್ಟವರು ಕೊನೆಗೌಡರು. ಚಹಾ ಕುಡಿಯುತ್ತಾ ಹಾಳೆ ನೋಡಿ, "ಅಕ್ಕೋರೇ, ಇದ್ರಲ್ಲಿ ಗಾಳಿ ಕೆಡವಿದ್ದು ಯಾವ್ದು, ಮರ ಕೆಡವಿದ್ದು ಯಾವ್ದು?" ಅಂದರು.

ಸರಿಯಾದ ಮಾತು. ಒಂಬತ್ತು ಅಡಿಗೊಂದರಂತೆ ಐವತ್ತು ಅಡಿಯ ಮರಗಳು. ಒಂದು ಬಿದ್ದರೆ ಪಕ್ಕದ್ದಕ್ಕೆ ಬಡಿಯುತ್ತದೆ, ಅದು ಇನ್ನೊಂದಕ್ಕೆ. ಬಡಿಸಿಕೊಂಡ ಮರ ತಿರುಗಿ ಬೇರೆ ಕಡೆ ಬೀಳುತ್ತದೆ. ಗಾಳಿಯ ದಿಕ್ಕು ಅದಕ್ಕೆ ಗೊತ್ತಿಲ್ಲ. ಮತ್ತೆ ತೋಟಕ್ಕೆ ಇಳಿದೆವು. ಬಡಿಸಿಕೊಂಡ ಮರದ ಕಾಂಡದಲ್ಲಿ ಸಿಪ್ಪೆ ಎದ್ದ ಗಾಯ ಇರುತ್ತದೆ, ಮೇಲೆ ಇನ್ನೊಂದು ಮರ ಬಿದ್ದಿರುತ್ತದೆ. ಕೊನೆಗೌಡರು ಕೈಯಿಂದ ಸವರಿಯೇ ಹೇಳುತ್ತಿದ್ದರು. "ಇದು ಪೆಟ್ಟು ತಿಂದದ್ದು. ಇದು ತಾನೇ ಹೋದದ್ದು." ಎರಡು ದಿನ ಹಿಡಿಯಿತು. 158ರಲ್ಲಿ 64 ಪೆಟ್ಟು ತಿಂದವು. ತಾವೇ ಹೋದವು 94. ಆ 94ಕ್ಕೆ ಮಾತ್ರ ಹೊಸ ಹಾಳೆಯಲ್ಲಿ ಬಾಣ ಹಾಕಿದೆ.

ಬೀಸಣಿಗೆ ಬಿಚ್ಚಿಕೊಂಡಿತು. ಕೆರೆಯ ಹತ್ತಿರ ಅದರ ಹಿಡಿ. ಅಲ್ಲಿಂದ ಹಳ್ಳದ ಗುಂಟ ನಡುವಿನ ಮರಗಳು ಪಡುವಲಿಗೆ, ತೆಂಕಣ ಬದಿಯವು ತೆಂಕಲು ಪಡುವಲಿಗೆ, ಬಡಗಣ ಬದಿಯವು ಬಡಗಲು ಪಡುವಲಿಗೆ. ಪಕ್ಕದ ತೋಟ ನನ್ನ ದೊಡ್ಡಪ್ಪನ ಮನೆಯವರದ್ದು, ನಮ್ಮಿಂದ ಬಡಗಲಿಗೆ. ಅಲ್ಲಿನ ಹದಿನೆಂಟು ಮರ ಸರಿಯಾಗಿ ಬಡಗಲಿಗೆ ಮುಖ ಮಾಡಿದ್ದವು. ಕೆರೆಯ ಆಚೆ ಮತ್ತಿ ಮರ ಮೂಡಲಿಗೆ. ಒಂದು ಬಾಣವೂ ಒಳಮುಖವಾಗಿ ತಿರುಗಿರಲಿಲ್ಲ. ಮೋಡ ಪಡುವಲಿಗೆ ಸರಿಯುತ್ತಾ ಇದ್ದದ್ದರಿಂದ ಮುಂದಿನ ಕಡೆ ಜೋರು ಜಾಸ್ತಿ, ಹಿಂದಿನ ಕಡೆ ಕಡಿಮೆ. ಹಾಗಾಗಿ ಮೂಡಲಿಗೆ ಬಿದ್ದದ್ದು ಅದೊಂದೇ ಮರ. ಎರಡು ಬೆಟ್ಟದ ನಡುವಿನ ತಗ್ಗು ಗಾಳಿಯನ್ನು ಒಂದಿಷ್ಟು ತಿರುಗಿಸಿರಲೂಬಹುದು. ಆದರೂ ಈ ಹಾಳೆ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಗಾಳಿ ನಮ್ಮ ಕೆರೆಯ ಮೇಲೆ, ಆಕಾಶದಿಂದ ಸುರಿದಿತ್ತು.

ಕುಮಟಾದಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ. ಅದೇ ದಿನ ಸಂಜೆ ಆರು ಗಂಟೆ ಸುಮಾರಿಗೆ ಅಲ್ಲಿ ಘಟ್ಟದ ಕಡೆಯಿಂದ ತಂಪು ಗಾಳಿ ಬಂತಂತೆ, ದೂರದಲ್ಲಿ ಮಿಂಚಿತಂತೆ. "ಒಳ್ಳೆ ಹಿತ ಆತು ಮಾರಾಯ್ತಿ, ಸೆಕೆ ಹೋತು" ಅಂದಳು. ನಮ್ಮ ಮರ ಕೆಡವಿದ ಮೋಡದ ಗಾಳಿಯೇ ಅಷ್ಟು ದೂರ ಹೋಗಿ ಅವರಿಗೆ ಹಿತವಾಗಿತ್ತೋ ಏನೋ.

ಹಾಗಾದರೆ ನಮ್ಮಲ್ಲಿ ಸುಂಟರಗಾಳಿ ಯಾಕೆ ಅಪರೂಪ? ಅದಕ್ಕೆ ಬರೀ ಸೆಕೆ, ತೇವ ಸಾಕಾಗುವುದಿಲ್ಲ. ನೆಲದ ಹತ್ತಿರದ ಗಾಳಿ ಒಂದು ದಿಕ್ಕಿನಲ್ಲಿ, ಮೇಲಿನ ಗಾಳಿ ಬೇರೆ ದಿಕ್ಕಿನಲ್ಲಿ ಮತ್ತು ಬಹಳ ಜೋರಾಗಿ ಇರಬೇಕು. ಆಗ ಮೇಲೇರುವ ಗಾಳಿಗೆ ತಿರುವು ಸಿಗುತ್ತದೆ, ಇಡೀ ಮೋಡವೇ ತಿರುಗುತ್ತದೆ. ಅಮೆರಿಕದ ಬಯಲಿನಲ್ಲಿ ಕೆಳಗೆ ಮೆಕ್ಸಿಕೋ ಕೊಲ್ಲಿಯ ತೇವ, ಪಡುವಲಿಂದ ಒಣ ಗಾಳಿ, ಮೇಲೆ ರಭಸದ ಪಶ್ಚಿಮ ಗಾಳಿ, ಮೂರೂ ಸೇರುತ್ತವೆ. ಬಂಗಾಳದಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಸುಮಾರು ಹಾಗೇ. ಕಾಲಬೈಶಾಖಿ ಗುಡುಗು ಮಳೆಯ ಮೋಡ ಕೆಲವು ಸಲ ಸುಂಟರಗಾಳಿ ಇಳಿಸುವುದು ಅದಕ್ಕೇ. ಮೇ ತಿಂಗಳಲ್ಲಿ ನಮ್ಮ ಘಟ್ಟದ ಮೇಲೆ ಅಷ್ಟು ರಭಸದ ಮೇಲ್ಗಾಳಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮಲ್ಲಿ ಮರ ಕೆಡವುವ ಗಾಳಿ ಹೆಚ್ಚಾಗಿ ಹೀಗೆ ಸುರಿಯುವಂಥದ್ದೇ.

ಹೆಸರು ಯಾವುದಾದರೇನು, ಮರ ಹೋದದ್ದು ಹೋಯಿತಲ್ಲ ಅಂತ ತಮ್ಮ ಕೇಳಿದ. ಆದರೆ ಹೆಸರಿನಿಂದ ವ್ಯತ್ಯಾಸ ಆಗುತ್ತದೆ. ಸುಂಟರಗಾಳಿ ಅಂದರೆ ಜನ ದೂರದಲ್ಲಿ ತಿರುಗುವ ಕಂಬ ಕಾಣುತ್ತದೆ, ನೋಡಿ ಓಡಬಹುದು ಅಂತ ಎಣಿಸುತ್ತಾರೆ. ಸುರಿಯುವ ಗಾಳಿಗೆ ಅಂಥ ಗುರುತಿಲ್ಲ. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು ಅಂದರೆ ಉಳಿದಿರುವುದು ಒಂದೆರಡು ನಿಮಿಷ. ಆ ಹೊತ್ತಿಗೆ ತೋಟದಲ್ಲಿರಬಾರದು, ಕೊಟ್ಟಿಗೆ ಕಡೆ ಓಡಬಾರದು. ನಾನು ಓಡಲು ಹೊರಟಿದ್ದೆ. ಕೊಟ್ಟಿಗೆಯ ದಾರಿಗೆ ಅಡ್ಡ ಒಂದು ಅಡಿಕೆ ಮರ ಬಿದ್ದಿತ್ತು.

ಪಂಚನಾಮೆಗೆ ಗ್ರಾಮ ಆಡಳಿತ ಅಧಿಕಾರಿ ಬಂದದ್ದು ನಾಲ್ಕನೇ ದಿನ, ತೋಟಗಾರಿಕೆಯವರು ಅದರ ಮರುದಿನ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಎಲ್ಲಾ ತಯಾರಿತ್ತು. ಬುಡದಲ್ಲಿ ಸುಣ್ಣದ ನಂಬರ್ ಇದ್ದದ್ದರಿಂದ ಎಣಿಕೆ ಬೇಗ ಮುಗಿಯಿತು. ಇದೊಂದು ಎಲ್ಲರೂ ಮಾಡಬಹುದಾದ ಕೆಲಸ. ತೆರವು ಮಾಡುವ ಮೊದಲೇ ನಂಬರ್ ಹಾಕಿ ಫೋಟೊ ತೆಗೆದಿಡಬೇಕು. ಪಕ್ಕದವರು ಗಡಿಬಿಡಿಯಲ್ಲಿ ಮರ ತುಂಡು ಮಾಡಿ ರಾಶಿ ಹಾಕಿದ್ದರು, ಅವರಿಗೆ ಲೆಕ್ಕ ಕೊಡುವುದು ಕಷ್ಟ ಆಯಿತು. ಬಂದವರಿಗೆ ನನ್ನ ಹಾಳೆ ತೋರಿಸಿದೆ. ಅಧಿಕಾರಿ ಚಿಕ್ಕ ಹುಡುಗ, ಆಸಕ್ತಿಯಿಂದ ನೋಡಿದ. ಆಮೇಲೆ ಹೇಳಿದ: "ಅಕ್ಕೋರೇ, ನಾನು ಇದರಲ್ಲಿ ಆಲಿಕಲ್ಲು ಸಹಿತ ಗಾಳಿ ಮಳೆ ಅಂತ ಬರೀತೇನೆ. ಪಟ್ಟಿಯಲ್ಲಿ ಆಲಿಕಲ್ಲು ಮಳೆ ಇದೆ." ವಿಪತ್ತು ಪರಿಹಾರದ ಪಟ್ಟಿಯಲ್ಲಿ ಚಂಡಮಾರುತ, ನೆರೆ, ಬರ, ಆಲಿಕಲ್ಲು ಮಳೆ, ಮೇಘಸ್ಫೋಟ ಎಲ್ಲಾ ಇವೆ. ಆ ದಿನ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು ಬಿದ್ದದ್ದು ನಿಜವೇ. ಅದರ ಫೋಟೊವನ್ನೂ ಆಯಿ ತಟ್ಟೆಯಲ್ಲಿಟ್ಟು ತೆಗೆಸಿದ್ದಳು.

ಪರಿಹಾರ ಸಿಗಲು ಬೆಳೆಯ ಶೇಕಡಾ 33ರಷ್ಟಾದರೂ ಹೋಗಿರಬೇಕು. ಇಡೀ ತೋಟ ಲೆಕ್ಕ ಹಿಡಿದರೆ ನಮ್ಮದು ಅಷ್ಟಾಗುವುದಿಲ್ಲ. ಕೆಳಗಿನ ಸರ್ವೆ ನಂಬರ್ ಇಪ್ಪತ್ತು ಗುಂಟೆ, ಅದರಲ್ಲಿದ್ದ 270 ಮರದಲ್ಲಿ 121 ಹೋಗಿತ್ತು. ಅದು ಲೆಕ್ಕಕ್ಕೆ ಬಂತು. 2022ರಿಂದ 26ರವರೆಗಿನ ಮಾನದಂಡದ ಪ್ರಕಾರ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಇತ್ತು. ಇಪ್ಪತ್ತು ಗುಂಟೆಗೆ 4,500. ಒಂಬತ್ತು ಅಡಿ ಅಂತರದಲ್ಲಿ ಹೆಕ್ಟೇರಿಗೆ ಸುಮಾರು 1,330 ಮರ ಹಿಡಿಯುತ್ತದೆ. ಅಂದರೆ ಮರಕ್ಕೆ 16 ರೂಪಾಯಿ ಚಿಲ್ಲರೆ. ಒಳ್ಳೆ ಮರ ವರ್ಷಕ್ಕೆ ಎರಡು ಕಿಲೋ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕೊಡುತ್ತದೆ. ಹೊಸ ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು. ಇಷ್ಟು ಬರೆದರೆ ಸಾಕು, ಈ ದರ ಎಷ್ಟು ಕಡಿಮೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೂ ನಾವು ಪ್ರತಿ ವರ್ಷ ಕಂತು ಕಟ್ಟುತ್ತೇವೆ. ಅದು ಮಳೆಮಾಪಕದ ಅಂಕಿ ನೋಡಿ ಕೊಡುವಂಥದ್ದು. ನಾಲ್ಕು ನಿಮಿಷದ ಗಾಳಿ ಮರ ಮುರಿದದ್ದು ಆ ಅಂಕಿಯಲ್ಲಿ ಕಾಣುವುದಿಲ್ಲ. ಅಡಿಕೆ ಬೆಳೆಗಾರರ ವಿಮೆಯಲ್ಲಿ ಗಾಳಿಗೂ ಒಂದು ಜಾಗ ಬೇಕು, ಇದನ್ನು ಮಾತ್ರ ಒತ್ತಿ ಹೇಳುತ್ತೇನೆ.

ತೆರವಿಗೆ ಹದಿನೈದು ದಿನ ಹಿಡಿಯಿತು. ಗಟ್ಟಿ ಮರಗಳನ್ನು ಸೀಳಿ ದಬ್ಬೆ ಮಾಡಿದೆವು. ಕೊಟ್ಟಿಗೆಯ ಮಾಡಿಗೆ, ಸೊಪ್ಪಿನ ಅಟ್ಟಕ್ಕೆ ಬೇಕಾದಷ್ಟಾಯಿತು. ಹೆಂಚು ಎಂಬತ್ತು ಹೊಸದು ತಂದೆವು. ಮೆಣಸಿನ ಬಳ್ಳಿಯಲ್ಲಿ ಬೇರು ಹಿಡಿದದ್ದನ್ನು ತುಂಡು ಮಾಡಿ ಬೇರೆ ಮರಕ್ಕೆ ಹಬ್ಬಿಸಿದೆವು, ಅರ್ಧ ಬದುಕಿತು. ಮುಂಗಾರು ಹಿಡಿಯುವ ಮೊದಲು ಬಸಿಗಾಲುವೆಗೆ ಬಿದ್ದ ಸೋಗೆ, ಹಾಳೆ ಎಲ್ಲಾ ತೆಗೆಯದಿದ್ದರೆ ನೀರು ನಿಂತು ಉಳಿದ ಮರಕ್ಕೂ ಕೊಳೆ ಬರುತ್ತದೆ ಅಂತ ಅಪ್ಪ ಬೆಳಗಿನಿಂದ ಸಂಜೆವರೆಗೆ ಅದರಲ್ಲೇ ಇದ್ದ. ಮಂಡಿನೋವಿನ ಮಾತೇ ಎತ್ತಲಿಲ್ಲ. ಹಾಗೆ ಬಾಯಿ ತೆರೆದ ಜಾಗದಲ್ಲಿ ಉಳಿದ ಮರಗಳಿಗೆ ಈಗ ಹೊಸದಾಗಿ ಬಿಸಿಲು. ಅವುಗಳ ಕಾಂಡಕ್ಕೆ, ಪಡುವಲು ತೆಂಕಲು ಬದಿಗೆ, ಸೋಗೆ ಕಟ್ಟಿದೆವು. ಒಂದೂ ಬಿಡಲಿಲ್ಲ. ಜೂನ್ ಕೊನೆಗೆ 130 ಸಸಿ ನೆಟ್ಟೆವು, ನೆರಳಿಗೆ ಅಂತ ಸಾಲು ಸಾಲು ಬಾಳೆ.

ಮತ್ತಿ ಮರವನ್ನು ಹಾಗೇ ಬಿಟ್ಟಿದ್ದೇವೆ. ಶಾಲೆ ಶುರುವಾದ ಮೇಲೆ ಒಂಬತ್ತನೇ ತರಗತಿ ಮಕ್ಕಳನ್ನು ಕರೆತಂದು ತೋರಿಸಿದೆ. ಹಾಳೆ ಕೊಟ್ಟು, ಗಾಳಿ ಎಲ್ಲಿಂದ ಬಂತು ಹೇಳಿ ಅಂದೆ. ಒಬ್ಬಳು ಹುಡುಗಿ ತುಂಬಾ ಹೊತ್ತು ಬಾಣಗಳ ಮೇಲೆ ಬೆರಳಾಡಿಸಿ, ಕೊನೆಗೆ ಮೇಲಕ್ಕೆ ಕೈ ತೋರಿಸಿದಳು.

ಈಗ ಏಪ್ರಿಲ್ ಬಂದರೆ ದಿನಾ ಮಧ್ಯಾಹ್ನ ನಾನು ದಾಮಿನಿ ಆ್ಯಪ್ ನೋಡುತ್ತೇನೆ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು, ಹತ್ತಿರದಲ್ಲಿ ಸಿಡಿಲು ಬೀಳುವಂತಿದ್ದರೆ ಹೇಳುತ್ತದೆ. ಹವಾಮಾನ ಇಲಾಖೆಯವರು ಮುಂದಿನ ಮೂರು ಗಂಟೆಗೆ ಕೊಡುವ ಮುನ್ಸೂಚನೆಯನ್ನೂ ನೋಡುತ್ತೇನೆ. ಎಚ್ಚರಿಕೆ ಇದ್ದರೆ ಮೂರು ಗಂಟೆಗೇ ಎಲ್ಲರೂ ತೋಟದಿಂದ ಮೇಲೆ ಬರುತ್ತಾರೆ, ದನದ ಹಗ್ಗ ಸಡಿಲ ಮಾಡುತ್ತೇವೆ. ಮೊದಲು ಅಪ್ಪನಿಗೆ ಇದೆಲ್ಲಾ ಇಷ್ಟ ಆಗುತ್ತಿರಲಿಲ್ಲ. ಅವನಿಗೆ ತನ್ನದೇ ಒಂದು ಪುಸ್ತಕ ಇದೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟು ಮೂವತ್ತು ವರ್ಷದಿಂದ ದಿನದ ಮಳೆ ಬರೆದಿಡುತ್ತಾನೆ. ನಮ್ಮ ಸೀಮೆಯಲ್ಲಿ ಹಾಗೆ ಬರೆಯುವವರು ಬಹಳ ಜನ ಇದ್ದಾರೆ. ದಿನಾಂಕ, ಯಾವ ಮಳೆ, ಎಷ್ಟು ಮಿಲಿಮೀಟರ್, ಅಷ್ಟೇ ಇರುತ್ತಿತ್ತು.

ಮೊನ್ನೆ ಏನೋ ಹುಡುಕುತ್ತಾ ಆ ಪುಸ್ತಕ ತೆರೆದೆ. ಹಾಳೆಯ ಬಲಬದಿಗೆ ಸ್ಕೇಲ್ ಇಟ್ಟು ಹೊಸ ಗೆರೆ ಎಳೆದಿದ್ದಾನೆ. ಮೇಲೆ "ಗಾಳಿ" ಅಂತ ಬರೆದಿದ್ದಾನೆ. ಕೊನೆಯ ಸಾಲು ಹೀಗಿತ್ತು: "ಕೃತ್ತಿಕೆ. 18 ಮಿ.ಮೀ. ಮೂಡು ಗಾಳಿ, ತಂಪು, ಎರಡು ನಿಮಿಷ. ಮರ ಬಿದ್ದದ್ದು ಒಂದು. ತಲೆ ಪಡುವಲಿಗೆ. ತಾನೇ ಹೋದದ್ದು."